ಮೂಲವೂ ವಿಶ್ವಾಸವೂ

ಸಕಲೇಶಪುರದ ಪೇಟೆಯಲ್ಲಿ ಕಾಫಿಯನ್ನು ಕೊಳ್ಳುವವರು ಎರಡು ಬಗೆಯಾಗಿರುತ್ತಾರೆ. ಒಬ್ಬನು ಪುಡಿಯ ಪೊಟ್ಟಣವನ್ನೇ ಕೊಂಡು ಮನೆಗೆ ಹೋಗುತ್ತಾನೆ. ಇನ್ನೊಬ್ಬನು ಬೀಜವನ್ನು ಕೊಂಡು, ತನ್ನ ಮನೆಯ ಬಾಣಲೆಯಲ್ಲಿ ತಾನೇ ಹುರಿದು, ತನ್ನ ಕಣ್ಣೆದುರಿಗೆ ಪುಡಿಮಾಡಿಸಿಕೊಳ್ಳುತ್ತಾನೆ. ಲೋಟಕ್ಕೆ ಬಂದ ಮೇಲೆ ಎರಡೂ ಕಾಫಿಯೇ. ರುಚಿಯಲ್ಲಿಯೂ ಭೇದವು ತೋರದೆ ಇರಬಹುದು. ಆದರೆ ಮೊದಲನೆಯವನ ಅರಿವೆಲ್ಲ ಪೊಟ್ಟಣದ ಮೇಲಿನ ಬರಹವನ್ನು ಆಶ್ರಯಿಸಿದ್ದು. ಚಿಕೋರಿಯು ನೂರಕ್ಕೆ 49 ಭಾಗವನ್ನು ಮೀರಕೂಡದೆಂದೂ, ಬೆರೆಸಿದ ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚುಹಾಕತಕ್ಕದ್ದೆಂದೂ ಕಾನೂನಿದೆ; ಆ ಕಾನೂನನ್ನು ಅಂಗಡಿಯವನು ಪಾಲಿಸಿರುವನೆಂಬುದು ಕೊಳ್ಳುವವನ ನಂಬಿಕೆ. ಎರಡನೆಯವನಿಗಾದರೋ ನಂಬಿಕೆಗೆ ಮುಂಚೆ ಕಣ್ಣಿದೆ. ಬೀಜವನ್ನು ಕೈಯಲ್ಲಿ ಹಿಡಿದು, ಒಡೆದು, ಮೂಸಿ ನೋಡಿದಮೇಲೆ ಅವನು ಹುರಿಯಲು ತೊಡಗುತ್ತಾನೆ.

ಮೊದಲನೆಯವನು ಅವಿವೇಕಿಯೆಂದು ಹೇಳುವುದು ಸಲ್ಲದು. ಲೋಕವ್ಯವಹಾರದ ಬಹುಭಾಗವು ವಿಶ್ವಾಸದಿಂದಲೇ ನಡೆಯುತ್ತದೆ. ವೈದ್ಯನು ಕೊಟ್ಟ ಗುಳಿಗೆಯನ್ನು ಪರೀಕ್ಷಿಸಿ ನುಂಗುವ ರೋಗಿಯಿಲ್ಲ. ಘಾಟಿಯ ಸೇತುವೆಯ ಕಂಬಗಳನ್ನು ಎಣಿಸಿ ರೈಲನ್ನು ಹತ್ತುವ ಪ್ರಯಾಣಿಕನಿಲ್ಲ. ಹೀಗಿದ್ದರೂ ಒಂದು ಪ್ರಶ್ನೆಯು ಉಳಿದೇ ಉಳಿಯುತ್ತದೆ. ತಾನು ಮಾಡದ, ತಾನು ನೋಡದ ವಸ್ತುವನ್ನು ಮನುಷ್ಯನು ಎಷ್ಟರಮಟ್ಟಿಗೆ ನಂಬಬಹುದು? ನಂಬುವವನ ಧರ್ಮವೇನು? ನಂಬಿಸುವವನ ಧರ್ಮವೇನು? ಈ ಹಳೆಯ ಪ್ರಶ್ನೆಯು ಗಣಕಯಂತ್ರದ ಕಾಲದಲ್ಲಿ ಹೊಸ ವೇಷವನ್ನು ಧರಿಸಿ ಮನೆಮನೆಯ ಬಾಗಿಲಿಗೆ ಬಂದಿರುವುದರಿಂದ ಅದನ್ನು ವಿಚಾರಿಸುವುದು ಉಚಿತವಾಗಿದೆ.

ಗಣಕಯಂತ್ರವನ್ನು ನಡೆಸುವ ವಿಧಿಗಳ ಸಮುದಾಯಕ್ಕೆ ತಂತ್ರಾಂಶವೆಂದು ಹೆಸರು. ಅದಕ್ಕೆ ಎರಡು ರೂಪಗಳುಂಟು. ಮೊದಲನೆಯದು ಮನುಷ್ಯನು ಬರೆದ ಮತ್ತು ಮನುಷ್ಯನು ಓದಬಲ್ಲ ರೂಪ. ಇದನ್ನು ಮೂಲ ಎನ್ನಬಹುದು. ಎರಡನೆಯದು ಯಂತ್ರವು ಮಾತ್ರ ಗ್ರಹಿಸತಕ್ಕ ಅಂಕೆಗಳ ರಾಶಿ; ಇದು ಸಿದ್ಧರೂಪ. ಮೂಲವನ್ನು ಸಿದ್ಧರೂಪಕ್ಕೆ ತಿರುಗಿಸುವ ಕೆಲಸವನ್ನು ಕಂಪೈಲರ್ ಎಂಬ ಇನ್ನೊಂದು ತಂತ್ರಾಂಶವು ಮಾಡುತ್ತದೆ. ಹೀಗೆ ತಿರುಗಿಸಿ, ಬೇಕಾದ ಸಾಮಗ್ರಿಗಳನ್ನೆಲ್ಲ ಕೂಡಿಸಿ, ಬಳಸುವವರಿಗೆ ಕೊಡಲು ತಕ್ಕಂತೆ ಕಟ್ಟಿದ ಗಂಟಿಗೆ ಪ್ಯಾಕೇಜ್ ಎನ್ನುತ್ತಾರೆ. ಮೂಲವು ಬೀಜವಾದರೆ ಪ್ಯಾಕೇಜು ಪುಡಿಯ ಪೊಟ್ಟಣ. ಪುಡಿಯಿಂದ ಬೀಜವನ್ನು ಮರಳಿ ಪಡೆಯುವುದು ಹೇಗೆ ಆಗದೋ, ಸಿದ್ಧರೂಪದಿಂದ ಮೂಲವನ್ನು ಅದಿದ್ದಂತೆ ಪಡೆಯುವುದೂ ಹಾಗೆಯೇ ಆಗದು.

ಮೂಲವು ಒಂದೇ ದಿನದಲ್ಲಿ ಒಬ್ಬನೇ ಬರೆದು ಮುಗಿಸಿದ ಗ್ರಂಥವಲ್ಲ. ಹತ್ತಾರು ದೇಶಗಳ ನೂರಾರು ಜನರು ವರ್ಷಗಟ್ಟಲೆ ತಿದ್ದುತ್ತ ಬಂದದ್ದು. ಆದುದರಿಂದ ಯಾರು, ಯಾವಾಗ, ಯಾವ ಸಾಲನ್ನು, ಏಕೆ ತಿದ್ದಿದರು ಎಂಬುದನ್ನು ಬರೆದಿಡುವ ವಹಿಯೊಂದು ಬೇಕಾಯಿತು. ತಾಲ್ಲೂಕು ಕಚೇರಿಯಲ್ಲಿ ಜಮೀನಿನ ಖಾತೆ ಬದಲಾದಾಗಲೆಲ್ಲ ಬದಲಾವಣೆಯ ವಹಿಯಲ್ಲಿ ಸಾಲೊಂದು ಏರುವುದಷ್ಟೆ. ಇದೂ ಅದೇ ರೀತಿ. ಇಂಥ ವಹಿಯನ್ನು ಇಡುವ ಸಾಧನಗಳಲ್ಲಿ ಇಂದು ಅತ್ಯಂತ ಪ್ರಚುರವಾದ ಗಿಟ್ ಎಂಬುದನ್ನು ಲೀನಸ್ ಟೋರ್ವಾಲ್ಡ್ಸ್ ಎಂಬವರು 2005ರಲ್ಲಿ ರಚಿಸಿದರು. ಅದರ ವೈಶಿಷ್ಟ್ಯವೊಂದಿದೆ. ಪ್ರತಿಯೊಂದು ದಾಖಲೆಗೂ ಗಣಿತದಿಂದ ಸಿದ್ಧಪಡಿಸಿದ ಒಂದು ಮುದ್ರೆ. ಆ ಮುದ್ರೆಯ ಲೆಕ್ಕದಲ್ಲಿ ಹಿಂದಿನ ದಾಖಲೆಯ ಮುದ್ರೆಯೂ ಸೇರಿರುತ್ತದೆ. ಹತ್ತು ವರ್ಷದ ಹಿಂದಿನ ಒಂದಕ್ಷರವನ್ನು ಗುಟ್ಟಾಗಿ ಬದಲಿಸಿದರೆ ಅಲ್ಲಿಂದೀಚಿನ ಎಲ್ಲ ಮುದ್ರೆಗಳೂ ತಪ್ಪಿಹೋಗುತ್ತವೆ.

ವೇದಪಾಠಶಾಲೆಗಳನ್ನು ಬಲ್ಲವರಿಗೆ ಇದು ತೀರ ಅಪರಿಚಿತವಾಗಿ ತೋರದು. ಕ್ರಮ, ಜಟೆ, ಘನ ಎಂಬ ಪಾಠಗಳಲ್ಲಿ ಒಂದೊಂದು ಪದವನ್ನೂ ಹಿಂದಿನ ಮುಂದಿನ ಪದಗಳೊಡನೆ ಹೆಣೆದು, ಅನುಲೋಮವಾಗಿಯೂ ವಿಲೋಮವಾಗಿಯೂ ಹೇಳುತ್ತಾರೆ. ಒಂದು ಸ್ವರವು ಜಾರಿದರೂ ಹೆಣಿಗೆಯು ಕೂಡುವುದಿಲ್ಲ. ಕೇಳುವವರಿಗೆ ಒಡನೆ ಗೊತ್ತಾಗುತ್ತದೆ. ಬರಹವಿಲ್ಲದೆ ಇಷ್ಟು ದೀರ್ಘಕಾಲ ಮೂಲವನ್ನು ಕಾಪಾಡಿಕೊಂಡು ಬಂದ ಉಪಾಯವಿದು. ಮೂಲವು ಕೆಡದಂತೆ ನೋಡಿಕೊಳ್ಳಬೇಕೆಂಬ ಚಿಂತೆಯು ಯಂತ್ರಗಳೊಡನೆ ಹುಟ್ಟಿದ್ದಲ್ಲ.

ಈಗ ಆಲೂರು ಸೀಮೆಯ ಒಂದು ತೋಟದ ಮನೆಯನ್ನು ಭಾವಿಸಿಕೊಳ್ಳಬಹುದು. ಮೊಮ್ಮಗನು ಬೆಂಗಳೂರಿನ ಕಚೇರಿಯ ಕೆಲಸವನ್ನು ಮನೆಯ ಜಗಲಿಯಲ್ಲಿಯೇ ಕುಳಿತು ಮಾಡುತ್ತಿರುತ್ತಾನೆ. ಹೊರಗೆ ಜಡಿಮಳೆ. ತೋಟಕ್ಕೆ ಹೋಗಲಾಗದೆ ಹತ್ತಿರ ಬಂದು ಕುಳಿತ ಅಜ್ಜನು ಕೇಳುತ್ತಾನೆ:

“ಅದೇನಪ್ಪಾ, ಬೆಳಗಿನಿಂದ ಪರದೆಯ ಮೇಲೆ ಸಾಲುಗಳು ಓಡುತ್ತಲೇ ಇವೆ?”

“ಒಂದು ತಂತ್ರಾಂಶವನ್ನು ಮೂಲದಿಂದ ಕಟ್ಟುತ್ತಾ ಇದ್ದೇನೆ, ಅಜ್ಜಯ್ಯ.”

“ಕಟ್ಟಿ ಸಿದ್ಧವಾದದ್ದು ಸಿಕ್ಕುವುದಿಲ್ಲವೋ?”

“ಸಿಕ್ಕುತ್ತದೆ. ಆದರೆ ಅದರ ಒಳಗೆ ಏನಿದೆ ಎಂಬುದು ಕಾಣಿಸುವುದಿಲ್ಲ.”

“ಮೂಲವನ್ನೆಲ್ಲ ನೀನು ಓದಿದ್ದೀಯೋ?”

“ಇಲ್ಲ, ಅಜ್ಜಯ್ಯ. ಅದು ಸಾವಿರಾರು ಸಾಲು. ಅದಕ್ಕೆ ಬೇಕಾದ ಉಳಿದವುಗಳನ್ನೂ ಸೇರಿಸಿದರೆ ಲಕ್ಷಾಂತರ. ನೀವೇ ಹೇಳಿ, ಯಾರು ಓದುತ್ತಾರೆ?”

“ಹಾಗಾದರೆ ಸಿದ್ಧವಾದದ್ದನ್ನು ತರುವವನಿಗೂ ನಿನಗೂ ಭೇದವೇನು ಬಂತು? ಅವನು ಪೊಟ್ಟಣವನ್ನು ನಂಬಿದ; ನೀನು ಮೂಟೆಯನ್ನು ನಂಬಿದೆ.”

ಅಜ್ಜನ ಈ ಮಾತು ಹಗುರವಾದುದಲ್ಲ. ಶಾಸ್ತ್ರಕಾರರು ಸಿದ್ಧಾಂತಕ್ಕೆ ಮುಂಚೆ ಇಡುವ ಪೂರ್ವಪಕ್ಷವೇ ಇದು. ಓದದ ಮೂಲವು ತೆರೆದಿದ್ದರೇನು, ಮುಚ್ಚಿದ್ದರೇನು?

ಈ ಪೂರ್ವಪಕ್ಷಕ್ಕೆ ಉತ್ತರವನ್ನು ಹುಡುಕುವ ಮೊದಲು, ಇದು ಯಂತ್ರಜ್ಞರ ಒಳಜಗಳವೆಂದು ಗೃಹಸ್ಥರು ಉದಾಸೀನರಾಗಿರಬಹುದೇ ಎಂಬುದನ್ನು ನೋಡತಕ್ಕದ್ದು. ಕರ್ನಾಟಕದಲ್ಲಿ ‘ಭೂಮಿ’ ಎಂಬ ಯೋಜನೆಯ ಮೂಲಕ ಪಹಣಿಗಳು ಗಣಕಯಂತ್ರಕ್ಕೆ ಏರಿ, ಈ ಶತಮಾನದ ಮೊದಲ ವರ್ಷಗಳಲ್ಲಿಯೇ ಶಾನುಭೋಗರ ಕಾಲದಿಂದ ಬಂದ ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಸುಮಾರು ಎರಡು ಕೋಟಿ ದಾಖಲೆಗಳು ಹೀಗೆ ಯಂತ್ರದ ಸ್ವಾಧೀನಕ್ಕೆ ಬಂದವು. ಅದರಿಂದ ರೈತನಿಗಾದ ಅನುಕೂಲವು ಅಲ್ಪವಲ್ಲ. ಹಿಂದೆ ಒಬ್ಬ ಅಧಿಕಾರಿಯ ದಯೆಯನ್ನು ಕಾಯಬೇಕಾಗಿದ್ದುದು ತಪ್ಪಿತು. ಆದರೆ ಇಂದು ಸಕಲೇಶಪುರದಲ್ಲಿಯೋ ಆಲೂರಿನಲ್ಲಿಯೋ ಕಿಟಕಿಯ ಮುಂದೆ ನಿಂತು ಪಹಣಿಯನ್ನು ಪಡೆಯುವವನು, ತನ್ನ ತಾತನ ಗದ್ದೆಯು ತನ್ನದೆಂದು ಹೇಳುವ ಆ ಕಾಗದವನ್ನು ಅಚ್ಚುಹಾಕಿದ ತಂತ್ರಾಂಶದ ಒಂದು ಸಾಲನ್ನೂ ಕಂಡವನಲ್ಲ. ಬ್ಯಾಂಕಿನ ಲೆಕ್ಕ, ಪಡಿತರದ ಚೀಟಿ, ಮಕ್ಕಳ ಪರೀಕ್ಷೆಯ ಅಂಕಪಟ್ಟಿ, ಎಲ್ಲವೂ ಇದೇ ದಾರಿಯಲ್ಲಿ ಬರುತ್ತಿವೆ. ಇಂತಿರಲು ಪ್ರಶ್ನೆಯು ಯಂತ್ರಜ್ಞನದು ಮಾತ್ರವಲ್ಲ.

ಕನ್ನಡದ ಅನುಭವವು ಇನ್ನೊಂದು ಪಾಠವನ್ನೂ ಕಲಿಸಿದೆ. ಯೂನಿಕೋಡ್ ಎಂಬ ಸರ್ವಸಾಮಾನ್ಯ ಸಂಕೇತವು ಬಳಕೆಗೆ ಬರುವ ಮುಂಚೆ ಕನ್ನಡದ ತಂತ್ರಾಂಶಗಳು ತಮ್ಮತಮ್ಮದೇ ಸಂಕೇತಗಳಲ್ಲಿ ಅಕ್ಷರಗಳನ್ನು ಇಡುತ್ತಿದ್ದವು. ಆ ಕಾಲದಲ್ಲಿ ಬೆರಳಚ್ಚು ಮಾಡಿದ ಅಸಂಖ್ಯಾತ ಬರಹಗಳು, ತಕ್ಕ ಅಕ್ಷರರೂಪವಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಅವನ್ನು ಇಂದಿನ ಸಂಕೇತಕ್ಕೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಸ್ವಯಂಸೇವಕರು ರಚಿಸಿ, ಮೂಲಸಮೇತ ಲೋಕಕ್ಕೆ ಕೊಟ್ಟರು. ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಅಕ್ಷರರೂಪಗಳೂ ಹೀಗೆಯೇ ಮೂಲಸಮೇತವಾಗಿ ಬಂದು, 1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಜಗದ್ವ್ಯಾಪಕ ಸ್ವಯಂಸೇವಕ ಸಮುದಾಯದ ಭಂಡಾರದಲ್ಲಿ ಪ್ಯಾಕೇಜುಗಳಾಗಿ ಸೇರಿವೆ. ಆ ಭಂಡಾರದ ಮುಖ್ಯ ಭಾಗದಲ್ಲಿ ಮೂಲವಿಲ್ಲದ ತಂತ್ರಾಂಶಕ್ಕೆ ಸ್ಥಳವಿಲ್ಲ. ಮಾಡಿದವರು ಕೈಬಿಟ್ಟರೂ ಮೂಲವಿದ್ದಲ್ಲಿ ಮತ್ತೊಬ್ಬರು ಎತ್ತಿಕೊಂಡು ಮುಂದುವರಿಸಬಹುದು. ಮೂಲವಿಲ್ಲದಲ್ಲಿ ಕರ್ತೃವಿನೊಡನೆ ಕೃತಿಯೂ ಸಾಯುತ್ತದೆ. ಅಜ್ಜನ ಆಕ್ಷೇಪಕ್ಕೆ ಇದು ಒಂದು ಉತ್ತರ. ಆದರೆ ಪೂರ್ಣವಾದ ಉತ್ತರವಲ್ಲ. ತೆರೆದ ಮೂಲವು ಬಾಳಿಕೆಯುಳ್ಳದ್ದೆಂದು ಇದರಿಂದ ಸಿದ್ಧವಾಯಿತೇ ಹೊರತು, ನಂಬತಕ್ಕದ್ದೆಂದು ಸಿದ್ಧವಾಗಲಿಲ್ಲ.

2024ರಲ್ಲಿ ನಡೆದ ಒಂದು ಘಟನೆಯು ಈ ವಿಷಯದಲ್ಲಿ ಜಗತ್ತಿನ ಕಣ್ಣನ್ನು ತೆರೆಸಿತು. ದೊಡ್ಡ ಕಡತಗಳನ್ನು ಅಡಕಮಾಡಿ ಚಿಕ್ಕದಾಗಿಸುವ ‘ಎಕ್ಸ್‌ಝಡ್’ ಎಂಬ ತಂತ್ರಾಂಶವೊಂದಿದೆ. ಜಗತ್ತಿನ ಅಸಂಖ್ಯಾತ ಯಂತ್ರಗಳು ಅದನ್ನು ಆಶ್ರಯಿಸಿವೆ. ಅದನ್ನು ಬಹುಕಾಲ ನೋಡಿಕೊಂಡು ಬಂದವರು ಲಾಸ್ಸೆ ಕಾಲಿನ್ ಎಂಬ ಒಬ್ಬರೇ. ಅದಕ್ಕೆ ಅವರಿಗೆ ವೇತನವಿರಲಿಲ್ಲ. ಕೆಲಸವು ನಿಧಾನವಾಯಿತೆಂದು ಮುಖಪರಿಚಯವಿಲ್ಲದ ಕೆಲವರು 2022ರಲ್ಲಿ ಅವರನ್ನು ಚುಚ್ಚಿ ಬರೆಯತೊಡಗಿದರು. ತನ್ನ ಶಕ್ತಿಗೆ ಮಿತಿಯಿದೆಯೆಂದೂ, ಇದು ಹವ್ಯಾಸಕ್ಕಾಗಿ ಮಾಡುವ ಕೆಲಸವೆಂದೂ ಅವರು ಸಮಾಧಾನ ಹೇಳಬೇಕಾಯಿತು. ಆ ಹೊತ್ತಿಗೆ ಜಿಯಾ ಟಾನ್ ಎಂಬ ಹೆಸರಿನವನೊಬ್ಬನು ಸಹಾಯಕನಾಗಿ ಒದಗಿ ಬಂದಿದ್ದನು. ಎರಡು ವರ್ಷಕ್ಕೂ ಮಿಕ್ಕು ಅವನು ವಿನಯದಿಂದ, ಶ್ರಮದಿಂದ ಒಳ್ಳೆಯ ತಿದ್ದುಪಡಿಗಳನ್ನೇ ಮಾಡಿದನು. ವಿಶ್ವಾಸವು ಬೆಳೆಯಿತು, ಕೀಲಿಕೈಯು ಅವನ ಕೈಗೂ ಬಂತು. ಬಳಿಕ 2024ರ ಫೆಬ್ರವರಿ ಮತ್ತು ಮಾರ್ಚಿಯಲ್ಲಿ ಹೊರಬಂದ 5.6.0, 5.6.1 ಎಂಬ ಎರಡು ಆವೃತ್ತಿಗಳಲ್ಲಿ ಗುಪ್ತವಾದ ಕಳ್ಳಬಾಗಿಲೊಂದು ಸೇರಿತು. ಆ ಬಾಗಿಲಿನ ಕೀಲಿಯನ್ನು ಬಲ್ಲವನು ದೂರದಿಂದಲೇ ಪರರ ಯಂತ್ರದೊಳಗೆ ನುಗ್ಗಬಹುದಾಗಿತ್ತು.

ಆಂಡ್ರೆಸ್ ಫ್ರೋಯಿಂಡ್ ಎಂಬ ತಂತ್ರಜ್ಞರು ಬೇರೆ ಯಾವುದೋ ಕೆಲಸದಲ್ಲಿದ್ದಾಗ, ದೂರದ ಯಂತ್ರವನ್ನು ಪ್ರವೇಶಿಸಲು ವಾಡಿಕೆಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿದರು. ಅರ್ಧ ಸೆಕೆಂಡನ್ನು ಯಾರು ಲೆಕ್ಕಕ್ಕೆ ತರುತ್ತಾರೆ? ಅವರು ತಂದರು. ಜಾಡನ್ನು ಹಿಡಿದು ಹೋಗಿ, ಮಾರ್ಚಿ 29ರಂದು ಸತ್ಯವನ್ನು ಬಹಿರಂಗಪಡಿಸಿದರು. ಡೆಬಿಯನ್ನಿನ ಸ್ಥಿರ ಆವೃತ್ತಿಯನ್ನು ಬಳಸುವವರಿಗೆ ಆ ವಿಷವು ಇನ್ನೂ ತಲಪಿರಲಿಲ್ಲ. ಪರೀಕ್ಷೆಯಲ್ಲಿದ್ದ ಆವೃತ್ತಿಗಳಲ್ಲಿಯೇ ತಡೆಯಲ್ಪಟ್ಟಿತು.

ಈ ಕಥೆಯ ಸೂಕ್ಷ್ಮವು ಒಂದು ಸಂಗತಿಯಲ್ಲಿದೆ. ಕಳ್ಳಬಾಗಿಲನ್ನು ಎಬ್ಬಿಸಿ ನಿಲ್ಲಿಸುವ ವಿಧಿಯು ಎಲ್ಲರಿಗೂ ಕಾಣುವ ವಹಿಯಲ್ಲಿರಲಿಲ್ಲ. ವಹಿಯಿಂದ ಮೂಲವನ್ನು ತೆಗೆದು, ಮೂಟೆಕಟ್ಟಿ, ‘ಇದೇ ಮೂಲ’ ಎಂದು ಹಂಚುವ ಪದ್ಧತಿಯೊಂದು ರೂಢಿಯಲ್ಲಿದೆ; ಆ ಮೂಟೆಯಲ್ಲಿ ಮಾತ್ರ ಅದು ಇತ್ತು. ಕಣದಲ್ಲಿ ಒಣಗುವಾಗ ಕಾಫಿಯು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಣದಿಂದ ಹೊರಟ ಲಾರಿಯು ಹಾಸನದ ಕ್ಯೂರಿಂಗ್ ವರ್ಕ್ಸನ್ನು ಸೇರುವುದರೊಳಗೆ ಮೂಟೆಗೆ ಬೇರೊಂದು ಸೇರಿದರೆ ಕಣವನ್ನು ನೋಡಿದವರಿಗೆ ಗೊತ್ತಾಗುವುದು ಹೇಗೆ? ಮೂಟೆಯನ್ನೇ ಮೂಲವೆಂದು ನಂಬಿ ಅದರಿಂದ ಕಟ್ಟಿದವರು ವಿಷವನ್ನೂ ಕೂಡಿಸಿ ಕಟ್ಟಿದರು; ವಹಿಯಿಂದ ನೇರವಾಗಿ ಕಟ್ಟಿದವರಲ್ಲಿ ಅದು ಏಳಲಿಲ್ಲ. ಆದುದರಿಂದ ಪ್ಯಾಕೇಜನ್ನು ಮೂಲದಿಂದ ಕಟ್ಟಿದರೆ ಸಾಲದು, ತಿದ್ದುಪಡಿಗಳ ದಾಖಲೆಯುಳ್ಳ ವಹಿಯಲ್ಲಿರುವ ಮೂಲದಿಂದಲೇ ಕಟ್ಟತಕ್ಕದ್ದು ಎಂಬ ಮಾತಿಗೆ ಬಲವು ಬಂತು. ಅಜ್ಜನು ‘ನೀನು ಮೂಟೆಯನ್ನು ನಂಬಿದೆ’ ಎಂದದ್ದು ಎಷ್ಟು ನಿಜವಾದ ಮಾತು!

ಆದರೆ ಕಥೆಯು ಇಲ್ಲಿಗೆ ಮುಗಿಯುವುದಿಲ್ಲ. ಎಬ್ಬಿಸುವ ವಿಧಿಯು ಮೂಟೆಯಲ್ಲಿದ್ದರೂ, ಏಳತಕ್ಕ ವಿಷವು ವಹಿಯಲ್ಲಿಯೇ ಇತ್ತು. ತಂತ್ರಾಂಶವನ್ನು ಪರೀಕ್ಷಿಸಲು ಇಟ್ಟ ಮಾದರಿಯ ಕಡತಗಳೆಂಬ ವೇಷದಲ್ಲಿ, ಮನುಷ್ಯನು ಓದಲಾಗದ ಅಂಕೆಗಳ ರೂಪದಲ್ಲಿ ಅದು ಮಲಗಿತ್ತು. ಅದಕ್ಕೂ ವಹಿಯ ಮುದ್ರೆಯಿತ್ತು; ಮುದ್ರೆಯಲ್ಲಿ ಯಾವ ದೋಷವೂ ಇರಲಿಲ್ಲ. ಮುದ್ರೆಯು ಹೇಳುವುದು ‘ಇದನ್ನು ಇಟ್ಟ ಮೇಲೆ ಯಾರೂ ಬದಲಿಸಿಲ್ಲ’ ಎಂಬಷ್ಟನ್ನು ಮಾತ್ರ. ‘ಇಟ್ಟದ್ದು ಒಳ್ಳೆಯದು’ ಎಂದು ಅದು ಹೇಳಲಾರದು. ಘನಪಾಠವು ಶಬ್ದವನ್ನು ಕಾಪಾಡುತ್ತದೆ. ಅರ್ಥವನ್ನು ತಿಳಿಯುವ ಹೊಣೆಯು ಅಧ್ಯಯನ ಮಾಡುವವನದೇ. ಉಚಿತ ತಂತ್ರಾಂಶದ ಪ್ರಸಿದ್ಧ ಪರವಾನಗಿಯಲ್ಲಿ, ತಿದ್ದುವುದಕ್ಕೆ ಯಾವ ರೂಪವು ಅನುಕೂಲವೋ ಅದೇ ಮೂಲವೆಂಬ ಅಭಿಪ್ರಾಯದ ಲಕ್ಷಣವಿದೆ. ಈ ಲಕ್ಷಣದಂತೆ ಓದಲಾಗದ ಆ ಕಡತಗಳು ವಹಿಯಲ್ಲಿದ್ದರೂ ಮೂಲವಲ್ಲ. ಮೂಲದ ನಡುವೆ ಕುಳಿತ ಮೂಲವಲ್ಲದ್ದನ್ನು ಯಾರೂ ಪ್ರಶ್ನಿಸಲಿಲ್ಲವೆಂಬುದೇ ಅಲ್ಲಿಯ ಪ್ರಮಾದ.

ಇಲ್ಲಿ ನ್ಯಾಯಶಾಸ್ತ್ರದ ವಿಚಾರವು ಬಹಳ ಉಪಕಾರಿಯಾಗುತ್ತದೆ. ಪ್ರತ್ಯಕ್ಷ, ಅನುಮಾನ, ಉಪಮಾನಗಳೊಡನೆ ಶಬ್ದವನ್ನೂ ಗೌತಮನು ಪ್ರಮಾಣವೆಂದು ಒಪ್ಪಿದನು; ಆದರೆ ಯಾರ ಶಬ್ದವಾದರೂ ಪ್ರಮಾಣವಲ್ಲ, ಆಪ್ತನ ಶಬ್ದವು ಮಾತ್ರ. ಆಪ್ತನೆಂದರೆ ಯಾರು? ವಸ್ತುವನ್ನು ಇದ್ದಂತೆ ಅರಿತವನು, ಅರಿತದ್ದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಭಾಷ್ಯಕಾರನಾದ ವಾತ್ಸ್ಯಾಯನನು ವಿಶದಪಡಿಸಿದ್ದಾನೆ. ಅಂದರೆ ಆಪ್ತತ್ವವು ಕುಲದಿಂದಲ್ಲ, ದೇಶದಿಂದಲ್ಲ, ಹೆಸರಿನಿಂದಲ್ಲ. ಅರಿವು ಮತ್ತು ಸದ್ಭಾವ ಎಂಬ ಎರಡು ಗುಣಗಳಿಂದ. ಜಿಯಾ ಟಾನ್ ಎಂಬ ಹೆಸರಿನವನಿಗೆ ಅರಿವಿತ್ತು; ಸದ್ಭಾವವು ನಟನೆಯಾಗಿತ್ತು. ಅರಿವನ್ನು ಪರೀಕ್ಷಿಸುವುದು ಸುಲಭ. ಕೆಲಸವೇ ಅದನ್ನು ತೋರಿಸಿಬಿಡುತ್ತದೆ. ಸದ್ಭಾವವನ್ನು ಅಳೆಯುವ ಸೇರು ಪಾವುಗಳಿಲ್ಲ. ಎರಡು ವರ್ಷದ ಸೌಜನ್ಯವೂ ಅದಕ್ಕೆ ಸಾಕ್ಷಿಯಾಗದೆ ಹೋಯಿತೆಂಬುದು ದುಃಖದ ಸಂಗತಿ.

ಹಾಗಾದರೆ ಯಾರನ್ನೂ ನಂಬದೆ ಎಲ್ಲವನ್ನೂ ತಾನೇ ಪರೀಕ್ಷಿಸಬೇಕೆಂದು ಒಬ್ಬನು ಹೊರಟನೆನ್ನೋಣ. ಅವನ ಗತಿಯೇನು? ಮೂಲವನ್ನು ಪೂರ್ತಿಯಾಗಿ ಓದಿದನು, ಒಳ್ಳೆಯದು. ಅದನ್ನು ಸಿದ್ಧರೂಪಕ್ಕೆ ತಿರುಗಿಸುವ ಕಂಪೈಲರನ್ನು ನಂಬಬಹುದೇ? ಕೆನ್ ಥಾಂಪ್ಸನ್ ಎಂಬ ಪ್ರಸಿದ್ಧ ತಂತ್ರಜ್ಞರು 1983ರ ಟ್ಯೂರಿಂಗ್ ಪ್ರಶಸ್ತಿಯನ್ನು ಸ್ವೀಕರಿಸುವ ಸಂದರ್ಭದಲ್ಲಿ ಮಾಡಿ, 1984ರಲ್ಲಿ ಅಚ್ಚಾದ ಭಾಷಣದಲ್ಲಿ ಈ ಸಂಶಯವನ್ನೇ ಎತ್ತಿದರು. ಮೂಲದಲ್ಲಿ ಲವಲೇಶವೂ ಕಾಣದ ಕಪಟವನ್ನು ಕಂಪೈಲರ್ ತಾನೇ ಸೇರಿಸುವಂತೆ ಮಾಡಬಹುದು. ಅಷ್ಟೇ ಅಲ್ಲದೆ, ಆ ಕಂಪೈಲರನ್ನು ಅದರ ಶುದ್ಧವಾದ ಮೂಲದಿಂದ ಮತ್ತೆ ಕಟ್ಟಿದರೂ ಹಳೆಯ ಕಂಪೈಲರು ಹೊಸದರೊಳಗೆ ಅದೇ ಕಪಟವನ್ನು ನೆಡುವಂತೆ ಮಾಡಬಹುದು. ಹೊಸದನ್ನು ಕಟ್ಟಲು ಹಳೆಯದು ಬೇಕು, ಆ ಹಳೆಯದನ್ನು ಕಟ್ಟಲು ಅದಕ್ಕೂ ಹಳೆಯದು. ಬೀಜದಿಂದ ಮರವೋ ಮರದಿಂದ ಬೀಜವೋ ಎಂಬ ಬೀಜಾಂಕುರನ್ಯಾಯವು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಪ್ರಮಾಣಕ್ಕೆ ಪ್ರಮಾಣವನ್ನು, ಅದಕ್ಕೆ ಇನ್ನೊಂದು ಪ್ರಮಾಣವನ್ನು ಕೇಳುತ್ತ ಹೋದರೆ ಬರುವ ಅನವಸ್ಥಾದೋಷವೂ ಇದೇ.

ಈ ಅನವಸ್ಥೆಯನ್ನು ಕಂಡು ತಂತ್ರಜ್ಞರು ಕೈಕಟ್ಟಿ ಕೂರಲಿಲ್ಲ. ಎರಡು ದಾರಿಗಳನ್ನು ಹುಡುಕಿದರು. ಒಂದು, ಬೀಜವನ್ನು ಅತ್ಯಲ್ಪವಾಗಿ ಮಾಡುವುದು. ಗ್ವಿಕ್ಸ್ ಎಂಬ ಸಮುದಾಯದವರು 2023ರಲ್ಲಿ, ಕೇವಲ 357 ಬೈಟುಗಳ ಒಂದು ಪುಟ್ಟ ತಂತ್ರಾಂಶದಿಂದ ಮೊದಲುಮಾಡಿ, ಮೆಟ್ಟಲು ಮೆಟ್ಟಲಾಗಿ ಮೂಲದಿಂದಲೇ ಕಟ್ಟುತ್ತ ಕಂಪೈಲರಿನವರೆಗೂ ಏರುವ ಮಾರ್ಗವನ್ನು ಸಿದ್ಧಪಡಿಸಿದರು. 357 ಬೈಟುಗಳೆಂದರೆ ಒಬ್ಬ ಮನುಷ್ಯನು ಕುಳಿತು, ಒಂದೊಂದನ್ನೂ ಕಣ್ಣಿಟ್ಟು ಪರೀಕ್ಷಿಸಬಹುದಾದಷ್ಟು. ನಂಬಿಕೆಯು ಇಲ್ಲಿ ಇಲ್ಲವಾಗಲಿಲ್ಲ, ಕಣ್ಣಳತೆಗೆ ಬಂತು.

ಇನ್ನೊಂದು ದಾರಿಯು ತಾಳೆ ನೋಡುವುದು. ಒಂದೇ ಮೂಲವನ್ನು ಒಂದೇ ವಿಧಾನದಲ್ಲಿ ಬೇರೆ ಬೇರೆ ಊರಿನ ಇಬ್ಬರು ಕಟ್ಟಿದರೆ ಫಲವು ಒಂದೊಂದು ಅಂಕೆಯವರೆಗೂ ಒಂದೇ ಆಗಿರತಕ್ಕದ್ದು. ಕಟ್ಟಿದ ಗಳಿಗೆ, ಕಟ್ಟಿದ ಯಂತ್ರದ ಹೆಸರು ಮೊದಲಾದ ಅನಾವಶ್ಯಕ ಸಂಗತಿಗಳು ಸಿದ್ಧರೂಪದಲ್ಲಿ ಸೇರಿಕೊಳ್ಳುತ್ತಿದ್ದುದರಿಂದ ಹಿಂದೆ ಹೀಗಾಗುತ್ತಿರಲಿಲ್ಲ. 2013ರಿಂದ ಡೆಬಿಯನ್ನಿನವರು ಇವನ್ನೆಲ್ಲ ನಿವಾರಿಸುವ ಕೆಲಸಕ್ಕೆ ತೊಡಗಿದರು. 2019ರಿಂದೀಚೆಗೆ, ಪ್ಯಾಕೇಜನ್ನು ನೋಡಿಕೊಳ್ಳುವವನು ತನ್ನ ಮನೆಯಲ್ಲಿ ಕಟ್ಟಿ ತಂದ ಸಿದ್ಧರೂಪವನ್ನು ಮುಂದಿನ ಸ್ಥಿರ ಆವೃತ್ತಿಗೆ ಒಪ್ಪುವುದನ್ನೇ ಬಿಟ್ಟರು. ಅವನು ಮೂಲವನ್ನು ಮಾತ್ರ ಒಪ್ಪಿಸಬೇಕು, ಕಟ್ಟುವುದು ಸಮುದಾಯದ ಯಂತ್ರದಲ್ಲಿ. ಇದು ಅವನ ಮೇಲಿನ ಅವಿಶ್ವಾಸವಲ್ಲ. ಹಾಲು ಸಂಘಕ್ಕೆ ಹಾಲನ್ನು ಹಾಕುವ ಗೃಹಿಣಿಯು ಅಳತೆಯ ಮಾಪನ್ನು ಮನೆಯಿಂದ ತರುವುದಿಲ್ಲ. ಅದರಿಂದ ಅವಳಿಗೆ ಅಪಮಾನವೂ ಇಲ್ಲ.

ಹಾಸನ ಜಿಲ್ಲೆಯವರಿಗೆ ಈ ತಾಳೆಯ ಮಹತ್ತ್ವವನ್ನು ಬೇರೆ ದೃಷ್ಟಾಂತದಿಂದ ವಿವರಿಸಬೇಕಾಗಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಮೂಲಶಿಲೆಯು ಈಗ ಹಲ್ಮಿಡಿಯಲ್ಲಿಲ್ಲ. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಊರಿನಲ್ಲಿರುವುದು ಅದರ ಪ್ರತಿಕೃತಿ. ಪ್ರತಿಕೃತಿಯ ಮುಂದೆ ನಿಂತ ಶಾಲೆಯ ಬಾಲಕನು ಅದನ್ನು ನಂಬಬಹುದೇ? ನಂಬಬಹುದು. ಏಕೆಂದರೆ ಮೂಲಶಿಲೆಯು ಉಳಿದಿದೆ. ಅದರ ಪಾಠವು ಅಚ್ಚಾಗಿದೆ. ಅನೇಕ ವಿದ್ವಾಂಸರು ಓದಿ, ಒಬ್ಬರ ಓದನ್ನು ಇನ್ನೊಬ್ಬರು ತಿದ್ದಿ ವಾದಿಸಿದ್ದಾರೆ. ಬಾಲಕನಿಗೆ ಹಳಗನ್ನಡದ ಲಿಪಿಯು ಬಾರದು. ಆದರೂ ಅವನ ನಂಬಿಕೆಯು ಕುರುಡಲ್ಲ. ಓದಬಲ್ಲವರು ಓದಿದ್ದಾರೆ, ನಾಳೆ ಅವನೇ ಕಲಿತು ಓದಬಯಸಿದರೆ ಯಾರೂ ತಡೆಯುವುದಿಲ್ಲ.

ಅಜ್ಜನ ಪೂರ್ವಪಕ್ಷಕ್ಕೆ ಸಿದ್ಧಾಂತವು ಇಲ್ಲಿ ದೊರೆಯುತ್ತದೆ. ಪೊಟ್ಟಣವನ್ನು ನಂಬಿದವನೂ ನಂಬಿದನು, ಮೂಲವನ್ನು ನಂಬಿದವನೂ ನಂಬಿದನು. ಅಷ್ಟರಮಟ್ಟಿಗೆ ಇಬ್ಬರೂ ಸಮಾನರು. ಆದರೆ ಮೊದಲನೆಯವನ ನಂಬಿಕೆಯು ತಪ್ಪಾದರೆ ಅದನ್ನು ತಿಳಿಯುವ ದಾರಿಯು ಬಹುಮಟ್ಟಿಗೆ ಮುಚ್ಚಿದೆ. ಎರಡನೆಯವನ ನಂಬಿಕೆಯು ತಪ್ಪಾದರೆ ತಿಳಿಯುವ ದಾರಿಯು ಅವನಿಗೂ ಇತರರಿಗೂ ತೆರೆದಿದೆ. ಅರ್ಧ ಸೆಕೆಂಡಿನ ಸಂಶಯವನ್ನು ಹಿಡಿದು ಹೊರಟವರು ಕಪಟದ ಬುಡವನ್ನು ಮುಟ್ಟಿದ್ದು ಮೂಲವೂ ವಹಿಯೂ ಕೈಗೆ ಸಿಕ್ಕುವಂತಿದ್ದುದರಿಂದ. ಮೂಟೆಯನ್ನು ವಹಿಯೊಡನೆ ತಾಳೆನೋಡಿದಾಗಲೇ ಹೆಚ್ಚಿನ ಸಾಲು ಹೊರಬಿದ್ದಿತು. ಎಲ್ಲರೂ ಪರೀಕ್ಷಿಸಲಾರರು; ಅಧಿಕಾರಭೇದವು ಲೋಕಸಹಜ. ಆದರೆ ಪರೀಕ್ಷಿಸಬಲ್ಲವರಿಗೆ ಪರೀಕ್ಷಿಸುವ ದಾರಿಯಿರುವಲ್ಲಿ, ಪರೀಕ್ಷಿಸಲಾರದವರ ನಂಬಿಕೆಗೂ ಆಧಾರವುಂಟು. ಆ ದಾರಿಯಿಲ್ಲದಲ್ಲಿ ಜಾಣನ ನಂಬಿಕೆಯೂ ಅದೃಷ್ಟದ ಮೇಲೆ ನಿಂತದ್ದೇ.

ಇಷ್ಟನ್ನು ಹೇಳಿ ಮುಗಿಸಿದರೆ ಧರ್ಮದ ಅರ್ಧಭಾಗವನ್ನು ಮರೆತಂತಾಗುತ್ತದೆ. ಕಪಟಿಯು ಒಳಗೆ ಬಂದದ್ದು ಗಣಿತದ ಲೋಪದಿಂದಲ್ಲ. ಒಬ್ಬ ದಣಿದ ಮನುಷ್ಯನ ಒಂಟಿತನದಿಂದ. ಕೋಟ್ಯಂತರ ಯಂತ್ರಗಳು ಆ ಒಬ್ಬರ ಶ್ರಮವನ್ನು ಉಂಡವು. ದೊಡ್ಡ ದೊಡ್ಡ ಕಂಪನಿಗಳೂ ಉಂಡವು. ಆ ಮನುಷ್ಯನು ಹೇಗಿದ್ದಾನೆಂದು ವಿಚಾರಿಸಿದವರು ಎಷ್ಟು ಮಂದಿ? ವಿಚಾರಿಸದೆ, ‘ಏಕೆ ತಡ?’ ಎಂದು ಗದರಿಸಿದ ದನಿಗಳೇ ಅವರಿಗೆ ಕೇಳಿಸಿದವು. ಪಡೆದದ್ದನ್ನು ಋಣವೆಂದು ತಿಳಿಯುವುದು ಈ ನಾಡಿನ ಹಳೆಯ ಧರ್ಮ. ತನಗೆ ವಿದ್ಯೆಯನ್ನು ಕೊಟ್ಟವರ ಋಣವನ್ನು ತಾನೂ ಓದಿ, ಇನ್ನೊಬ್ಬನಿಗೆ ಓದಿಸಿ ತೀರಿಸಬೇಕೆಂದು ಹಿರಿಯರು ವಿಧಿಸಿದರು. ಮೂಲವನ್ನು ಉಚಿತವಾಗಿ ಪಡೆದವರಿಗೂ ಇದೇ ವಿಧಿಯು ಸಲ್ಲುತ್ತದೆ. ಎಲ್ಲರೂ ಬರೆಯಬೇಕಾಗಿಲ್ಲ, ಕೆಲವರು ಓದಬಹುದು, ಕೆಲವರು ಕಟ್ಟಿ ತಾಳೆನೋಡಬಹುದು, ಕೆಲವರು ದ್ರವ್ಯಸಹಾಯವನ್ನು ಮಾಡಬಹುದು, ಏನೂ ಆಗದಿದ್ದರೆ ಒಂದು ಒಳ್ಳೆಯ ಮಾತನ್ನಾದರೂ ಆಡಬಹುದು. ಏನನ್ನೂ ಮಾಡದೆ, ಯಾರೋ ನೋಡಿರುತ್ತಾರೆಂದು ಎಲ್ಲರೂ ಸುಮ್ಮನಿದ್ದರೆ ಯಾರೂ ನೋಡಿರುವುದಿಲ್ಲ. ತೆರೆದ ಮೂಲವು ಮುಚ್ಚಿದ ಮೂಲಕ್ಕೆ ಸಮಾನವಾಗುತ್ತದೆ. ಆಗ ಅಜ್ಜನ ಆಕ್ಷೇಪವೇ ಗೆಲ್ಲುತ್ತದೆ.

ಇನ್ನು ಕಪಟವನ್ನು ಕಂಡ ಮೇಲೆ ಅಪರಿಚಿತರೆಲ್ಲರನ್ನೂ ದೂರವಿಡಬೇಕೆನ್ನುವವರು ಉಂಟು. ಅದೂ ವಿವೇಕವಲ್ಲ. ವಿನಯದಿಂದ ಬಂದವನು ವಂಚಿಸಿದನೆಂದು ವಿನಯವನ್ನೇ ಶಂಕಿಸಿದರೆ, ಮುಂದೆ ಬರುವ ಸಜ್ಜನನಿಗೆ ಬಾಗಿಲು ತೆರೆಯುವವರಾರು? ವಾತ್ಸ್ಯಾಯನನು ಆಪ್ತನ ಲಕ್ಷಣವನ್ನು ಎಲ್ಲರಿಗೂ ಸಮಾನವಾಗಿ ಹೇಳಿದ್ದರ ಅರ್ಥವು ಇಲ್ಲಿ ನೆನಪಿಗೆ ಬರತಕ್ಕದ್ದು. ಎಲ್ಲಿಂದ ಬಂದನೆಂಬುದನ್ನು ಕೇಳದೆ, ತಂದದ್ದನ್ನು ಬಯಲಿನಲ್ಲಿಟ್ಟು ನೋಡುವುದೇ ಸರಿಯಾದ ಕ್ರಮ. ಸಜ್ಜನನು ಅದಕ್ಕೆ ನೊಂದುಕೊಳ್ಳುವುದಿಲ್ಲ. ತನ್ನ ಕೆಲಸವನ್ನು ಯಾರಾದರೂ ನೋಡಿದರೆಂದು ಸಂತೋಷಿಸುತ್ತಾನೆ. ಪರೀಕ್ಷೆಯು ಸ್ನೇಹಕ್ಕೆ ವಿರೋಧಿಯಲ್ಲ. ಕಣದಲ್ಲಿ ಕಾಫಿಯನ್ನು ಅಳೆಯುವಾಗ ಅಣ್ಣತಮ್ಮಂದಿರೂ ಇಬ್ಬರೂ ನಿಂತು ನೋಡುತ್ತಾರೆ. ಮನೆಯು ಬಹುಕಾಲ ಒಂದಾಗಿ ಉಳಿಯುವುದು ಅಂಥ ಕಡೆಯಲ್ಲಿಯೇ.

ಊರಂಚಿನ ಕಾಡಿನಲ್ಲಿ ಕಾಲುದಾರಿಗಳಿರುತ್ತವೆ. ದಾರಿಯು ಎಲ್ಲರಿಗೂ ತೆರೆದದ್ದು, ಬೇಲಿಯಿಲ್ಲ, ಸುಂಕವಿಲ್ಲ. ಆದರೆ ಒಂದು ವರ್ಷ ಯಾರೂ ನಡೆಯದಿದ್ದರೆ ಒಂದೇ ಮಳೆಗಾಲದಲ್ಲಿ ಗಿಡಗಂಟಿಗಳು ಬೆಳೆದು ದಾರಿಯ ಗುರುತೇ ಉಳಿಯದು. ಅದನ್ನು ಉಳಿಸಲು ಊರಿನವರೆಲ್ಲ ಪ್ರತಿದಿನವೂ ನಡೆಯಬೇಕಾಗಿಲ್ಲ; ಆಗಾಗ ಯಾರಾದರೊಬ್ಬರು ಕತ್ತಿಯನ್ನು ಹಿಡಿದು, ಅಡ್ಡಬಂದ ಕೊಂಬೆಯನ್ನು ಸವರುತ್ತ ಹೋಗಿಬಂದರೆ ಸಾಕು. ಮೂಲಕ್ಕೆ ಹೋಗುವ ದಾರಿಯೂ ಅಂಥದೇ. ಜಗಲಿಯ ಮೇಲೆ ಮೊಮ್ಮಗನು ಕಟ್ಟಿದ ತಂತ್ರಾಂಶವು ಮುಗಿಯುವ ಹೊತ್ತಿಗೆ ಮಳೆಯು ಹೊಳವಾಗಿರಬಹುದು. ಅಜ್ಜನು ತೋಟದ ಕಡೆಗೆ ಏಳುವ ಮುಂಚೆ ಇನ್ನೊಂದು ಮಾತನ್ನು ಕೇಳಿಯಾನು: “ಎಲ್ಲವನ್ನೂ ಓದಲಾಗದಿದ್ದರೆ ಬೇಡ. ದಿನಕ್ಕೆ ಒಂದು ಪುಟವನ್ನಾದರೂ ಓದುತ್ತೀಯೋ?” ಆ ಪ್ರಶ್ನೆಗೆ ಮೊಮ್ಮಗನು ಕೊಡುವ ಉತ್ತರದ ಮೇಲೆ, ಕಿಟಕಿಯ ಮುಂದೆ ಪಹಣಿಗಾಗಿ ಕೈನೀಡಿ ನಿಂತಿರುವವನ ವಿಶ್ವಾಸವು ನಿಂತಿದೆ.